ಬಾರದೆ ಉಳಿದ ಕೆಂಪು ಬಿಲ್ಲೆ

"ಅದು ತಿನ್ನೋದಲ್ಲ ಮಾರಾಯ್ರೆ..."

ಬಂಗಾರಮ್ಮ ಬೆಚ್ಚಿದಳು. ಬಾಯಲ್ಲಿದ್ದ ಮರದ ಬಿಲ್ಲೆಯನ್ನು ತೆಗೆಯುವುದೋ, ಹಾಗೆಯೇ ಇಟ್ಟುಕೊಂಡು ಉತ್ತರ ಹೇಳುವುದೋ ತಿಳಿಯದೆ ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟಳು.

ಸಾಗರದ ಗುಡಿಗಾರರ ಬೀದಿಯಲ್ಲಿ ಕನ್ನಪ್ಪನ ಅಂಗಡಿ ಅದು. ಮುಂದೆ ಗಂಧದ ಹಾರ, ಗಂಧದ ಆನೆ. ಪಕ್ಕದ ಕಪಾಟಿನಲ್ಲಿ ಯಾರೂ ಅಷ್ಟಾಗಿ ಕೇಳದ ಮರದ ಆಟಿಕೆಗಳು. ಹೊಸನಗರದಿಂದ ಬೆಳಗಿನ ಬಸ್ಸಿಗೆ ಬಂದ ಹೆಂಗಸೊಬ್ಬಳು ಆನೆಯನ್ನು ಕಣ್ಣೆತ್ತಿಯೂ ನೋಡದೆ ನೇರ ಆ ಕಪಾಟಿಗೆ ಹೋಗಿ, ಕೆಂಪು ಬಿಲ್ಲೆಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರೆ ಉಳಿ ಹಿಡಿದು ಕೂತವನು ಸುಮ್ಮನಿರುತ್ತಾನೆಯೇ?

ಅವಳು ಬಿಲ್ಲೆ ತೆಗೆದಳು.

"ನಾನು ತಿನ್ನಲ್ಲ. ನನ್ನ ಮಕ್ಕಳು ತಿಂತಾವೆ. ಸಿಕ್ಕಿದ್ದೆಲ್ಲ ಬಾಯಿಗೇ."

"ಎಷ್ಟು ಮಕ್ಕಳು ನಿಮಗೆ?"

"ಹದಿನಾರು."

ಕನ್ನಪ್ಪನ ಕೈಯ ಉಳಿ ನೆಲಕ್ಕೆ ಬಿತ್ತು. ಅವನ ಕಣ್ಣು ತನ್ನಷ್ಟಕ್ಕೆ ಅವಳ ಕೊರಳಿಗೆ ಹೋಗಿ, ಅಲ್ಲಿ ಕರಿಮಣಿ ಕಾಣದೆ ಇನ್ನಷ್ಟು ಗಾಬರಿಯಾಯಿತು. ಮೂಲೆಯಲ್ಲಿ ಮದುಮಕ್ಕಳ ಬಾಸಿಂಗಕ್ಕೆ ಬೆಂಡು ಸೀಳುತ್ತ ಕೂತಿದ್ದ ಅವನ ತಾಯಿ ವರದಮ್ಮ ಮಾತ್ರ ಕಿಸಕ್ಕನೆ ನಕ್ಕಳು.

"ಶಿಶುವಿಹಾರದ ಟೀಚರು ಅಂತ ಕಾಣ್ತದೆ ಕಣೋ. ಪೆದ್ದ."

ಬಂಗಾರಮ್ಮನಿಗೂ ನಗು ತಡೆಯಲಾಗಲಿಲ್ಲ. ನಕ್ಕಾಗ ಅವಳ ನಾಲಿಗೆ ಎಲೆಯಡಿಕೆ ಹಾಕಿದವರಂತೆ ಕೆಂಪಗಿತ್ತು. ಅದನ್ನು ನೋಡಿ ಕನ್ನಪ್ಪನ ಮುಖ ಬಾಡಿತು. ಅವನು ಬಳಿದ ಬಣ್ಣ ಅದು.

"ನೋಡಿ... ಬಣ್ಣ ಬಿಟ್ಟೇ ಬಿಡ್ತು," ಎಂದಳು ಅವಳು ಮೆತ್ತಗೆ. ಬೈಯಲು ಹೊರಟವಳಿಗೆ ಅವನ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ. ಅಲ್ಲೇ ಕಥೆ ಶುರುವಾಯಿತು ಎನ್ನಬೇಕು.

ಹೊಸನಗರದ ಮಹಿಳಾ ಸಮಾಜದವರು ಶಿಶುವಿಹಾರಕ್ಕೆ ಒಂದೇ ಒಂದು ಆಟಿಕೆ ಕೊಳ್ಳಲು ಒಪ್ಪಿದ್ದರು. ಒಂದೇ ಎಂದಮೇಲೆ ಆರಿಸುವುದು ಹುಡುಗಾಟವೇ? ಗಂಡು ನೋಡಲು ಹೋದವರೂ ಇಷ್ಟು ಪರೀಕ್ಷೆ ಮಾಡಲಿಕ್ಕಿಲ್ಲ, ಬಂಗಾರಮ್ಮ ಅಷ್ಟು ಮಾಡಿದಳು.

ಅಕ್ಷರ ಬರೆದ ಮರದ ತುಂಡುಗಳನ್ನು ಕನ್ನಪ್ಪ ಮುಂದಿಟ್ಟ.

"ಬೇಡ. ನಮ್ಮ ಮಕ್ಕಳಿಗೆ ಮಾತೇ ಸರಿ ಬರಲ್ಲ, ಅಕ್ಷರ ಎಂತಕ್ಕೆ?"

ಕಂಬಕ್ಕೆ ಒಂದರ ಮೇಲೊಂದು ಬಳೆ ಪೋಣಿಸುವ ಆಟಿಕೆ ತೋರಿಸಿದ.

"ಚೆನ್ನಾಗಿದೆ. ಆದ್ರೆ ಸಂಜೆ ಬಳೆ ಎಲ್ಲ ಕೈಗೆ ಹಾಕ್ಕೊಂಡು ಮನೆಗೆ ಹೋಗ್ತಾವೆ. ಮಾರನೇ ದಿನ ಬರೀ ಕಂಬ ಉಳೀತದೆ."

ಕೊನೆಗೆ ಉಳಿದದ್ದು ತೂತಿನ ಪೆಟ್ಟಿಗೆ. ಮುಚ್ಚಳದಲ್ಲಿ ದುಂಡಗೆ, ಚೌಕಾಕಾರ, ಮೂರು ಮೂಲೆ, ಹೀಗೆ ತೂತುಗಳು. ಆಯಾ ಆಕಾರದ ಬಿಲ್ಲೆ ಆಯಾ ತೂತಿನಲ್ಲಿ ಇಳಿಯಬೇಕು. ಅವಳು ದುಂಡು ಬಿಲ್ಲೆಯನ್ನು ಚೌಕದ ತೂತಿಗೆ ಹಾಕಿ ನೋಡಿದಳು. ಸಲೀಸಾಗಿ ಹೋಯಿತು.

"ಹೋದ್ರೆ ಒಳ್ಳೇದಲ್ವಾ? ಮಗು ಖುಷಿ ಪಡ್ತದೆ," ಎಂದ ಕನ್ನಪ್ಪ.

"ಎಲ್ಲಿ ಬೇಕಾದ್ರೂ ಹೋಗ್ತದೆ ಅಂದ್ರೆ ಮಗು ತನ್ನ ಜಾಗ ಹುಡುಕೋದು ಯಾವಾಗ?"

ಕನ್ನಪ್ಪ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕೇಳಿದ, "ಹೊಸದು ಮಾಡಿಕೊಡ್ತೀನಿ. ಹೆಂಗಿರಬೇಕು ಹೇಳಿ."

ಮೂರೇ ಆಕಾರ ಸಾಕು. ಬಿಲ್ಲೆ ಮಗುವಿನ ಬಾಯಿಗಿಂತ ದೊಡ್ಡದಿರಬೇಕು. ಅಂಚು ಚುಚ್ಚಬಾರದು. ಬಣ್ಣ ಬಿಡಬಾರದು. ಅವಳು ಹೇಳುತ್ತ ಹೋದಳು, ಅವನು ತಲೆಯಾಡಿಸುತ್ತ ಹೋದ. ಹಳದಿಗೆ ಹಲಸು, ಕಪ್ಪಿಗೆ ಬೀಟೆ. ಮರದ್ದೇ ಬಣ್ಣ, ನೆಕ್ಕಿದರೂ ಹೋಗುವುದಿಲ್ಲ.

"ಕೆಂಪು?" ಎಂದಳು. "ಮಕ್ಕಳಿಗೆ ಕೆಂಪು ಅಂದ್ರೆ ಜೀವ."

"ಕೆಂಪು ಸ್ವಲ್ಪ ಕಷ್ಟ," ಎಂದ ಕನ್ನಪ್ಪ. "ಬರೋ ಭಾನುವಾರ ಬರ್ತೀರಾ?"

ಬಂದಳು. ಅದರ ಮುಂದಿನ ಭಾನುವಾರವೂ ಬಂದಳು.

ಕೆಂಪು ನಿಜಕ್ಕೂ ಕಷ್ಟವೇ ಆಗಿತ್ತು. ಹೊನ್ನೆಮರದಲ್ಲಿ ಮಾಡಿದ್ದು ಮಣ್ಣಿನ ಬಣ್ಣಕ್ಕೆ ತಿರುಗಿತು. ಬಾಸಿಂಗಕ್ಕೆ ಹಚ್ಚುವ ಬಣ್ಣ ಹಚ್ಚಿ ನೋಡಿದರೆ ಮತ್ತೆ ನಾಲಿಗೆಯ ಪಾಲಾಯಿತು. ಪ್ರತಿ ಸಲವೂ ಪರೀಕ್ಷೆ ಒಂದೇ. ಅವಳು ಬಿಲ್ಲೆ ಬಾಯಲ್ಲಿಟ್ಟುಕೊಳ್ಳಬೇಕು, ಅವನು ಕಾಯಬೇಕು.

"ನಾಲಿಗೆ ತೋರ್ಸಿ."

ಡಾಕ್ಟರ ಮುಂದೆ ಕೂತವಳಂತೆ ಅವಳು ನಾಲಿಗೆ ಚಾಚುವಳು. ಅವನು ಬಗ್ಗಿ ನೋಡುವನು. ಆಮೇಲೆ ಇಬ್ಬರಿಗೂ ತಾವೇನು ಮಾಡುತ್ತಿದ್ದೇವೆ ಎಂದು ಒಟ್ಟಿಗೇ ಹೊಳೆದು, ಅವಳು ಬಾಯಿ ಮುಚ್ಚಿ ಬೀದಿ ನೋಡುವಳು, ಅವನು ಉಪ್ಪುಕಾಗದ ಹಿಡಿದು ಆಗಲೇ ನುಣ್ಣಗಾಗಿದ್ದ ಹಲಸಿನ ಚೌಕವನ್ನು ಇನ್ನಷ್ಟು ಉಜ್ಜುವನು. ಆ ಚೌಕ ಭಾನುವಾರದಿಂದ ಭಾನುವಾರಕ್ಕೆ ಸಣ್ಣಗಾಗುತ್ತಿತ್ತು ಎಂದು ವರದಮ್ಮ ಆಮೇಲೆ ಹೇಳಿ ನಗುತ್ತಿದ್ದುದುಂಟು.

ವಾಪಸು ಬಸ್ಸಿನಲ್ಲಿ ದಾರಿಯ ಊರು ಬಟ್ಟೆಮಲ್ಲಪ್ಪ ದಾಟುವವರೆಗೂ ಬಂಗಾರಮ್ಮನ ಬಾಯಲ್ಲಿ ಮರದ ರುಚಿ ಇರುತ್ತಿತ್ತು. ಅವಳು ಮನಸ್ಸಿನಲ್ಲೇ ದೇವರಿಗೆ ಹರಕೆ ಹೊತ್ತಿದ್ದಳು. ದೇವರೇ, ಈ ಕೆಂಪು ಬೇಗ ಸಿಗದಿರಲಿ... ಶಿಶುವಿಹಾರದ ಮಕ್ಕಳ ಮುಖ ನೆನಪಾಗಿ ನಾಚಿಕೆಯೂ ಆಗುತ್ತಿತ್ತು. ಆದರೂ ಹರಕೆ ವಾಪಸು ತೆಗೆದುಕೊಳ್ಳಲಿಲ್ಲ.

ಅವಳೂ ಗುಡಿಗಾರರ ಮನೆಯ ಹುಡುಗಿಯೇ. ತಂದೆ ತೀರಿಕೊಂಡಮೇಲೆ ತಾಯಿ ಗುತ್ಯಮ್ಮ ಹೊಸನಗರದಲ್ಲಿ ಮದುವೆಗಳಿಗೆ ಬೆಂಡಿನ ಬಾಸಿಂಗ ಕಟ್ಟಿಕೊಡುತ್ತ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದಳು. ದೊಡ್ಡವಳು ಬಂಗಾರಮ್ಮ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದಳು. ಬಂದ ಸಂಬಂಧಗಳನ್ನೆಲ್ಲ, "ಮೊದಲು ಮನೆ ಒಂದು ಹದಕ್ಕೆ ಬರಲಿ," ಎಂದು ತಾನೇ ಮುಂದೂಡಿದಳು. ಚಿಕ್ಕವಳು ಪುಷ್ಪ ಸೋದರತ್ತೆಯ ಮಗನಿಗೆಂದು ತೊಟ್ಟಿಲಲ್ಲೇ ನಿಶ್ಚಯವಾದವಳು. ತೀರ್ಥಹಳ್ಳಿಯ ಆ ಅತ್ತೆ ಈಗ ಹಾಸಿಗೆ ಹಿಡಿದು, ಕಣ್ಣು ಮುಚ್ಚುವ ಮೊದಲು ಮಗನ ಮದುವೆ ನೋಡಬೇಕೆಂದು ಹೇಳಿಕಳಿಸಿದ್ದಳು.

"ದೊಡ್ಡೋಳು ಇದ್ದಂಗೇ ಚಿಕ್ಕೋಳಿಗೆ ಹೆಂಗೆ ಮಾಡ್ಲಿ ಮಗಾ?" ಎಂದು ಗುತ್ಯಮ್ಮ ಸೆರಗಿನಿಂದ ಕಣ್ಣೊರೆಸಿದಳು.

"ಮಾಡಮ್ಮ. ನಂಗೆ ಬೇಜಾರಿಲ್ಲ," ಎಂದಳು ಬಂಗಾರಮ್ಮ.

ಬೇಜಾರಿರಲಿಲ್ಲ, ನಿಜ. ಆದರೆ ನಾಚಿಕೆ ಇತ್ತು. ತಂಗಿಯ ಮದುವೆ ತನಗಿಂತ ಮೊದಲು ಎಂದು ಊರವರ ಮುಂದೆ ಹೇಳಬಹುದು. ಕನ್ನಪ್ಪನ ಮುಂದೆ ಹೇಗೆ ಹೇಳುವುದು? ಉಳಿದುಹೋದವಳು ಎಂದುಕೊಂಡರೆ?

ಆ ಭಾನುವಾರ ಅವಳು ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಮದುವೆಯ ಜವಳಿ ಕಟ್ಟಿಸಿಕೊಂಡು ಬಸ್ಸಿಗೆ ಓಡುವಾಗ ಬೀದಿಯಲ್ಲೇ ನಿಂತಳು. ಕನ್ನಪ್ಪ ಅವಳನ್ನು ಕಂಡು ಎದ್ದು ಬಂದ. ಮುಖ ಅರಳಿತ್ತು. ಒಂದು ಕೈ ಬೆನ್ನ ಹಿಂದಿತ್ತು.

"ಇನ್ನು ಸ್ವಲ್ಪ ದಿನ ಬರಕ್ಕಾಗಲ್ಲ," ಎಂದಳು ಬಂಗಾರಮ್ಮ, ನೆಲ ನೋಡುತ್ತ. "ಮನೇಲಿ ಮದುವೆ ಕೆಲಸ."

"ಮದುವೆಯಾ?"

ಅಷ್ಟರಲ್ಲಿ ಬಸ್ಸಿನ ಹಾರನ್ನು. ಅವಳು ಜವಳಿ ಗಂಟು ಎದೆಗವಚಿಕೊಂಡು ಓಡಿದಳು. ಕಿಟಕಿಯಿಂದ ತಿರುಗಿ ನೋಡಿದಾಗ ಅವನು ಇನ್ನೂ ಅಲ್ಲೇ, ಬೆನ್ನ ಹಿಂದಿನ ಕೈಯನ್ನು ಮುಂದಕ್ಕೂ ತರದೆ ನಿಂತಿದ್ದ.

ಈಗ ಒಂದು ಮಾತು ಹೇಳಬೇಕು. ಗುತ್ಯಮ್ಮನ ಮನೆತನದಲ್ಲಿ ಒಂದು ಕಟ್ಟುಪಾಡು. ಊರಿಗೆಲ್ಲ ಬಾಸಿಂಗ ಕಟ್ಟಿದ ಕೈ ತನ್ನ ಮನೆಯ ಮದುವೆಗೆ ಬಾಸಿಂಗ ಕಟ್ಟಬಾರದು. ಬೇರೆ ಮನೆಯವರಿಗೆ ವೀಳ್ಯ ಕೊಟ್ಟು ಕೇಳಬೇಕು, ಅವರು ಹರಸಿ ಕಟ್ಟಿಕೊಡಬೇಕು. ಹಾಗೆ ಕೇಳಿ ಬಂದವರಿಗೆ ಇಲ್ಲ ಎನ್ನುವುದೆಂದರೆ ಮದುವೆಗೇ ಇಲ್ಲ ಎಂದ ಹಾಗೆ. ಕನ್ನಪ್ಪನ ಮನೆಯಲ್ಲೂ ಇದೇ ನಡಾವಳಿ ಎಂದು ವರದಮ್ಮ ಬೆಂಡು ಸೀಳುತ್ತ ಬಂಗಾರಮ್ಮನಿಗೆ ಹೇಳಿದ್ದಳು.

"ಬಾಸಿಂಗಕ್ಕೆ ಸಾಗರಕ್ಕೇ ಹೋಗಿ ಮಾವ," ಎಂದು ಬಂಗಾರಮ್ಮನೇ ತಾಯಿಯ ತಮ್ಮ ಮಾಸ್ತಪ್ಪನಿಗೆ ಹೇಳಿದಳು. "ಕನ್ನಪ್ಪನವರ ಅಂಗಡಿಗೇ. ಬೇರೆ ಕಡೆ ಬೇಡ."

ಅವನ ಕೈಯಿಂದಾದ ಒಂದು ವಸ್ತು ತಮ್ಮ ಮನೆಯ ಚಪ್ಪರದಡಿಗೆ ಬರಲಿ ಎಂಬ ಆಸೆ. ಅಷ್ಟಾದರೂ ತನ್ನದಾಗಲಿ ಎಂಬ ಆಸೆ.

ಸಂಜೆ ಮಾಸ್ತಪ್ಪ ಬರಿಗೈಯಲ್ಲಿ ಬಂದ. ಪಂಚೆ ಮೇಲೆತ್ತಿ ಕಟ್ಟಿ, ಮುಖ ಕೆಂಪಗೆ ಮಾಡಿಕೊಂಡು.

"ನಮ್ಮ ಟೀಚರಮ್ಮನ ಮನೆ ಮದುವೆ, ಒಂದು ಜೊತೆ ಬಾಸಿಂಗ ಆಗ್ಬೇಕು ಅಂತ ವೀಳ್ಯ ಮುಂದಿಟ್ಟೆ. ಆ ಮನುಷ್ಯ ಮುಟ್ಟಲೂ ಇಲ್ಲ. 'ಇದೊಂದು ಬಾಸಿಂಗ ನನ್ನ ಕೈಲಿ ಆಗಲ್ಲ, ಬೇರೆಯವರ ಹತ್ರ ಕಟ್ಟಿಸ್ಕೊಳಿ' ಅಂದ. ಎಂತ ಸೊಕ್ಕು ಅಂತೀನಿ."

ಬಂಗಾರಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಹಾಗೆಯೇ ನಿಂತಿತು.

ಯಾಕೆ? ನಾನೇನು ತಪ್ಪು ಮಾಡಿದೆ? ಅಷ್ಟು ಭಾನುವಾರ ಮಾತಾಡಿದ್ದು, ನಕ್ಕಿದ್ದು ಎಲ್ಲ ಬರೀ ಗಿರಾಕಿಯ ಜೊತೆಗಿನ ಮಾತೇ? ನನ್ನ ತಂಗಿಯನ್ನು ಹರಸಲೂ ಆಗದಷ್ಟು ಬೇಡವಾದೆನೇ?

ಮನಸ್ಸು ಕೇಳುತ್ತಲೇ ಇತ್ತು. ಅವಳು ಕಲ್ಲಿಲ್ಲದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು.

ಬಾಸಿಂಗ ಬೇರೆ ಮನೆಯಿಂದ ಬಂತು. ಅದೇ ವಾರ ಬಸ್ಸಿನ ಕಂಡಕ್ಟರು ಶಿಶುವಿಹಾರದ ಮುಂದೆ ಒಂದು ಗಂಟು ಇಳಿಸಿ ಹೋದ. ಬಿಚ್ಚಿದರೆ ತೂತಿನ ಪೆಟ್ಟಿಗೆ! ಮಕ್ಕಳೆಲ್ಲ ಹೋ ಎಂದು ಮುತ್ತಿಕೊಂಡವು. ಹಲಸಿನ ಹಳದಿ ಚೌಕ ಬೆಣ್ಣೆಯಷ್ಟು ನುಣುಪು. ಬೀಟೆಯ ಕಪ್ಪು ಮುಕ್ಕೋನದ ಮೂಲೆಗಳು ಮಗುವಿನ ಮೊಣಕೈಯಂತೆ ದುಂಡು. ಚೌಕ ಚೌಕಕ್ಕೇ ಹೋಗುತ್ತಿತ್ತು, ಬೇರೆಲ್ಲೂ ಹೋಗುತ್ತಿರಲಿಲ್ಲ. ಅವಳು ಹೇಳಿದ ಒಂದೊಂದು ಮಾತನ್ನೂ ಅವನು ಮರೆತಿರಲಿಲ್ಲ.

ಆದರೆ ಕೆಂಪು ದುಂಡು ಬಿಲ್ಲೆ ಇರಲಿಲ್ಲ. ಗಂಟನ್ನು ಕೊಡವಿ ನೋಡಿದಳು. ಇಲ್ಲ.

ಅಂದರೆ ಕೆಲಸ ಅರ್ಧಕ್ಕೇ ಬಿಟ್ಟು ಋಣ ಹರಿದುಕೊಂಡನೇ?

ಎರಡು ವರ್ಷದ ಹುಲಿಗೆಮ್ಮ ಎಂಬ ಹುಡುಗಿ ಆ ದುಂಡು ತೂತಿನ ಮುಂದೆ ಕೂತುಬಿಟ್ಟಳು. ಹುಣಿಸೆಬೀಜ ಹಾಕಿದಳು, ಸುಣ್ಣದ ಕಡ್ಡಿ ಹಾಕಿದಳು, ತನ್ನ ಬೆರಳನ್ನೇ ಹಾಕಿದಳು. ಕೊನೆಗೆ ತೂತಿಗೆ ಕಣ್ಣಿಟ್ಟು ಒಳಗೆ ನೋಡಿ, "ಇಲ್ಲ," ಎಂದಳು. ಅವಳಿಗೆ ಬರುತ್ತಿದ್ದ ಮಾತುಗಳಲ್ಲಿ ಅದೂ ಒಂದು.

"ಹೌದು ಕಂದಾ, ಇಲ್ಲ," ಎಂದು ಬಂಗಾರಮ್ಮ ಅವಳನ್ನು ಎತ್ತಿಕೊಂಡಳು. ಮಗುವಿನ ಕತ್ತಿನಲ್ಲಿ ಮುಖ ಹುದುಗಿಸಿ ಅತ್ತದ್ದು ಯಾರಿಗೂ ಕಾಣಲಿಲ್ಲ.

ಮದುವೆ ಚೆನ್ನಾಗಿಯೇ ನಡೆಯಿತು. ಪುಷ್ಪನ ಹಣೆಗೆ ಬಾಸಿಂಗ ಕಟ್ಟುವಾಗ ಎಲ್ಲರೂ ಹುಡುಗಿಯ ಮುಖ ನೋಡುತ್ತಿದ್ದರೆ, ಬಂಗಾರಮ್ಮ ಬೆಂಡಿನ ಎಸಳುಗಳನ್ನೇ ನೋಡುತ್ತಿದ್ದಳು. ಇದು ಅವನು ಕಟ್ಟಿದ್ದಾಗಿದ್ದರೆ ಈ ಎಸಳು ಇನ್ನೂ ತೆಳ್ಳಗಿರುತ್ತಿತ್ತು. ಇಲ್ಲಿ ಇಷ್ಟು ಅಂಟು ಕಾಣುತ್ತಿರಲಿಲ್ಲ... ಬೈದುಕೊಳ್ಳಬೇಕಾದವನನ್ನು ಹೊಗಳುತ್ತಿದ್ದೇನೆ ಎಂದು ತಿಳಿದು ತನ್ನ ಮೇಲೆ ತನಗೇ ಸಿಟ್ಟು ಬಂತು.

ತಂಗಿಯನ್ನು ತೀರ್ಥಹಳ್ಳಿಗೆ ಬಿಟ್ಟುಬರಲು ಹೋದಾಗ ತುಂಗೆಯ ಮೆಟ್ಟಿಲ ಮೇಲೆ ಪುಷ್ಪ ಅಕ್ಕನ ಕೈ ಹಿಡಿದುಕೊಂಡು ಕೇಳಿದಳು.

"ಅಕ್ಕಾ, ಭಾನುವಾರ ಭಾನುವಾರ ಸಾಗರಕ್ಕೆ ಹೋಗ್ತಿದ್ಯಲ್ಲ. ಬರೀ ಬಿಲ್ಲೆಗಾ?"

ಬಂಗಾರಮ್ಮ ಹೊಳೆ ನೋಡಿದಳು.

"ಬಿಲ್ಲೆ ಬರಲೇ ಇಲ್ಲ ಪುಷ್ಪ."

"ಹಂಗಾದ್ರೆ ಹೋಗಿ ಕೇಳು. ಒಂದು ಕಮ್ಮಿ ಕಳಿಸಿದ್ದು ಅವರು. ನೀ ಯಾಕೆ ತಲೆ ತಗ್ಗಿಸ್ತೀಯಾ?"

ಮದುವೆಯಾದ ಮಾರನೆಯ ದಿನವೇ ಹುಡುಗಿಯರಿಗೆ ಇಷ್ಟು ಬುದ್ಧಿ ಎಲ್ಲಿಂದ ಬರುತ್ತದೋ. ಆದರೆ ಮಾತು ನಿಜವಾಗಿತ್ತು.

ಮುಂದಿನ ಭಾನುವಾರ ಬಂಗಾರಮ್ಮ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಕೊಡುವುದಾದರೆ ಪೂರ್ತಿ ಕೊಡಿ, ಇಲ್ಲದಿದ್ದರೆ ಇದೂ ಬೇಡ. ಹೀಗೆಯೇ ಹೇಳಬೇಕು. ಅಳಬಾರದು. ಮುಖ್ಯವಾಗಿ ಅಳಬಾರದು.

ಅಂಗಡಿಯಲ್ಲಿ ವರದಮ್ಮ ಒಬ್ಬಳೇ ಬೆಂಡು ಸೀಳುತ್ತ ಕೂತಿದ್ದಳು. ತಲೆಯೆತ್ತಿದವಳ ಮುಖದಲ್ಲಿ ಮೊದಲಿನ ನಗು ಇರಲಿಲ್ಲ.

"ಬಾ ತಾಯಿ. ಗಂಡನ ಮನೆ ಹೆಂಗಿದೆ?"

"ಯಾರ ಗಂಡನ ಮನೆ?"

ವರದಮ್ಮ ಅವಳ ಕೊರಳು ನೋಡಿದಳು. ಕಾಲು ನೋಡಿದಳು. ಕಾಲುಂಗುರವೂ ಇಲ್ಲ. ಮತ್ತೆ ಕೊರಳು ನೋಡಿದಳು.

"ಕರಿಮಣಿ ಎಲ್ಲಿ?"

"ಮದುವೆ ನನ್ನ ತಂಗೀದು ಅಮ್ಮಾ. ಸೋದರತ್ತೆ ಮಗನ ಜೊತೆ. ನಂದಲ್ಲ."

ವರದಮ್ಮನ ಕೈಯ ಬೆಂಡು ಜಾರಿತು. ಅವಳು ಹಿತ್ತಲ ಬಾಗಿಲ ಕಡೆ ತಿರುಗಿ ಗೊಣಗಿದಳು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನನ್ನ ಮಗ. ದೊಡ್ಡೋಳು ಮನೇಲಿ ಇರುವಾಗ ಚಿಕ್ಕೋಳ ಮದುವೆ ಯಾರು ಮಾಡ್ತಾರೆ, ಅದು ಇವಳದ್ದೇ ಅಂತ ಕೂತ. ನಾನೂ ಹೌದು ಅಂದ್ಕೊಂಡೆ. ಅವತ್ತಿಂದ ಸರಿಯಾಗಿ ಊಟ ಇಲ್ಲ ತಾಯಿ ಅವನಿಗೆ."

ಬಂಗಾರಮ್ಮನಿಗೆ ದಾರಿಯುದ್ದಕ್ಕೂ ಜೋಡಿಸಿದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಅದಕ್ಕೇನಾ... ಬಾಸಿಂಗ ಆಗಲ್ಲ ಅಂದಿದ್ದು?"

"ಅದನ್ನ ಅವನನ್ನೇ ಕೇಳು."

ಹಿತ್ತಲ ಬಾಗಿಲಲ್ಲಿ ಕನ್ನಪ್ಪ ನಿಂತಿದ್ದ. ಗಡ್ಡ ಬೆಳೆದಿತ್ತು, ಕೂದಲಲ್ಲಿ ಮರದ ಹೊಟ್ಟು. ಎಲ್ಲ ಕೇಳಿಸಿಕೊಂಡಿದ್ದ ಎಂದು ಅವನ ಕಣ್ಣೇ ಹೇಳುತ್ತಿತ್ತು. ವರದಮ್ಮ ಬೆಂಡು ಬಾಚಿಕೊಂಡು, "ಒಲೆ ಮೇಲೆ ಹಾಲಿದೆ," ಎನ್ನುತ್ತ ಒಳಗೆ ಹೋದಳು. ಒಲೆ ಹೊತ್ತಿಸಿಯೇ ಇರಲಿಲ್ಲ, ಅದು ಬೇರೆ ಮಾತು.

ಬಂಗಾರಮ್ಮ ಪೆಟ್ಟಿಗೆಯನ್ನು ಅವನ ಮುಂದಿಟ್ಟಳು.

"ಒಂದು ಬಿಲ್ಲೆ ಕಮ್ಮಿ ಬಂದಿದೆ," ಎಂದಳು ಬಂಗಾರಮ್ಮ. ಅದೊಂದೇ ಮಾತು ಸಿಕ್ಕಿದ್ದು.

"ಗೊತ್ತು."

ಅವನು ದೇವರ ಗೂಡಿಗೆ ಕೈ ಹಾಕಿ ಕೆಂಪು ಬಿಲ್ಲೆಯನ್ನು ತೆಗೆದ. ಬಿಸಿ ಅರಗನ್ನು ಮರಕ್ಕೆ ಉಜ್ಜಿ ಉಜ್ಜಿ ಕೂರಿಸಿದ ಕೆಂಪು. ಮಾಗಿದ ತೊಂಡೆಹಣ್ಣಿನಂತೆ ಮಿರುಗುತ್ತಿತ್ತು.

"ಇದು ಯಾವಾಗ ಮುಗೀತು?"

"ನೀವು ಬೀದೀಲಿ ನಿಂತು ಮದುವೆ ಕೆಲಸ ಅಂದ್ರಲ್ಲ... ಅವತ್ತು ನನ್ನ ಕೈಲಿತ್ತು. ತೋರ್ಸಣ ಅಂತ ಓಡಿ ಬಂದಿದ್ದೆ."

ಬೆನ್ನ ಹಿಂದಿನ ಆ ಕೈ. ಬಂಗಾರಮ್ಮನ ಕಣ್ಣು ತುಂಬಿತು.

"ಮತ್ತೆ ಕಳಿಸ್ಲಿಲ್ಲ ಯಾಕೆ? ಮಕ್ಕಳು ಕಾಯ್ತಾ ಕೂತಿದ್ವು."

"ಮಕ್ಕಳಿಗೆ ಅಂತಲೇ ಉಳಿದದ್ದು ಕಳಿಸ್ದೆ. ಇದನ್ನೂ ಗಂಟಿಗೆ ಹಾಕಿದ್ದೆ. ಕಟ್ಟುವಾಗ ಮತ್ತೆ ತೆಗೆದೆ. ಇದೂ ಹೋದ್ರೆ ನಿಮ್ಮದು ಅಂತ ನನ್ನ ಹತ್ರ ಎಂತದೂ ಉಳೀತಿರಲಿಲ್ಲ."

"ನನ್ನ ಮಾವನ ವೀಳ್ಯ ಮುಟ್ಟಲಿಲ್ವಲ್ಲ ನೀವು. ನಾನು ಎಷ್ಟು..." ಅವಳು ಸೆರಗಿನ ತುದಿ ಕೈಗೆ ಸುತ್ತಿಕೊಂಡಳು. "ನಿಮಗೆ ನಾನು ಬೇಡ ಅಂತ ತಿಳ್ಕೊಂಡೆ."

ಕನ್ನಪ್ಪ ಅವಳ ಮುಖವನ್ನೇ ನೋಡಿದ.

"ನಮ್ಮ ಮನೆ ಮದುವೆ ಬಾಸಿಂಗ ನಾವು ಕಟ್ಟಂಗಿಲ್ಲ. ನಿಮಗೂ ಗೊತ್ತು. ನನ್ನ ಮನಸ್ಸಲ್ಲಿ ನಿಮ್ಮ ಮದುವೆ ಅಂದ್ರೆ ಅದು ನನ್ನ ಮನೇದೇ ಆಗಿಬಿಟ್ಟಿತ್ತು. ಇನ್ನೊಬ್ಬನ ಪಕ್ಕ ನಿಮ್ಮನ್ನ ಕೂರಿಸಿ ಕಟ್ಟೋಣ ಅಂದ್ರೆ ಕೈ ಏಳಲಿಲ್ಲ ಬಂಗಾರಮ್ಮ. ಅದು ತಪ್ಪೇ. ಆದ್ರೂ ಏಳಲಿಲ್ಲ."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅವಳು ಬಿಲ್ಲೆಯನ್ನು ಅವನ ಕೈಯಿಂದ ತೆಗೆದುಕೊಂಡು ಬಾಯಲ್ಲಿಟ್ಟುಕೊಂಡಳು. ಅಳುತ್ತಿದ್ದಳು, ಬಿಲ್ಲೆ ಕಚ್ಚಿಕೊಂಡೇ ಅಳುತ್ತಿದ್ದಳು. ನೋಡಿದವರು ನಗುತ್ತಿದ್ದರೇನೋ, ಕನ್ನಪ್ಪ ನಗಲಿಲ್ಲ.

"ನಾಲಿಗೆ ತೋರ್ಸಿ," ಎಂದ ಮೆಲ್ಲಗೆ.

ತೋರಿಸಿದಳು. ಒಂದಿಷ್ಟೂ ಬಣ್ಣ ಹತ್ತಿರಲಿಲ್ಲ.

ಅವಳು ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ, ಪೆಟ್ಟಿಗೆಯ ದುಂಡು ತೂತಿನಲ್ಲಿ ಇಟ್ಟಳು. ಅದು ಟಕ್ ಎಂದು ಒಳಗಿಳಿಯಿತು. ಆಮೇಲೆ ಕಣ್ಣೊರೆಸಿಕೊಂಡು ಗಿರಾಕಿಯ ಹಾಗೆ ನೆಟ್ಟಗೆ ನಿಂತಳು.

"ನಂಗೆ ಒಂದು ಜೊತೆ ಬಾಸಿಂಗ ಬೇಕಿತ್ತು."

"ಯಾರ ಮದುವೆಗೆ?"

"ನಂದು. ಕಟ್ಟಿಕೊಡ್ತೀರಾ?"

ಕನ್ನಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಆ ಗಡ್ಡದ ಮುಖ ಪೂರ್ತಿ ಅರಳಿತು.

"ಇಲ್ಲ," ಎಂದ. "ಈ ಬಾಸಿಂಗ ನನ್ನ ಕೈಲಿ ಆಗಲ್ಲ."

"ಹಂಗಾದ್ರೆ ನಿಮ್ಮಮ್ಮನ್ನ ಕೇಳ್ತೀನಿ."

"ನಾನೂ ಕಟ್ಟಂಗಿಲ್ಲ ಮಾರಾಯ್ತಿ," ಎಂದು ಹೊತ್ತದ ಒಲೆಯ ಮುಂದಿನಿಂದ ವರದಮ್ಮನ ದನಿ ಬಂತು. "ನಮ್ಮನೆ ಮದುವೆ."

"ಹೊಸನಗರದಲ್ಲಿ ನಿಮ್ಮಮ್ಮ?" ಎಂದ ಕನ್ನಪ್ಪ.

"ಅವಳೂ ಕಟ್ಟಂಗಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ಊರಿಗೆ ಬಾಸಿಂಗ ಕಟ್ಟುವ ಎರಡು ಮನೆ, ತಮ್ಮದೇ ಮದುವೆಯ ಒಂದು ಜೊತೆ ಬಾಸಿಂಗಕ್ಕೆ ಬೇರೆಯವರ ಬಾಗಿಲು ತಟ್ಟಬೇಕು.

"ಮತ್ತೆ ಎಂತ ಮಾಡೂದು?" ಎಂದಳು ಬಂಗಾರಮ್ಮ, ಅಳುವೂ ನಗುವೂ ಬೆರೆತ ದನಿಯಲ್ಲಿ.

"ಹುಡುಕಣ," ಎಂದ ಕನ್ನಪ್ಪ. "ಬರೋ ಭಾನುವಾರ ಬರ್ತೀರಾ?"

"ಇಲ್ಲ. ಈ ಸಲ ನೀವು ಬನ್ನಿ. ಅಮ್ಮ ಮನೇಲಿರ್ತಾಳೆ."